ಬೋರ್ಡು

ಏಣಿಯ ಮೇಲಿಂದ ರೇವಣ್ಣ ಕೇಳಿದ:
"ಹಳೇದ ಉಜ್ಜಿ ತೆಗೀಲಾ ಸಾ,
ಇಲ್ಲಾ ಅದ್ರ ಮ್ಯಾಲೇ ಬರೀಲಾ?"
ಗುತ್ತಲು ರಸ್ತೆ, ಬೆಳಿಗ್ಗೆ ಏಳೂವರೆ.
ಕಬ್ಬಿನ ಟ್ರಾಕ್ಟರೊಂದು ತೇಕುತ್ತ ಹೋಯಿತು,
ನಾನು ತಡಮಾಡಿದ್ದಕ್ಕೆ ಒಂದು ನೆಪವಾಗಿ.

ಇಪ್ಪತ್ತೆರಡು ವರ್ಷ ಆ ತಗಡಿನ ಮೇಲೆ
ನನ್ನ ಹೆಸರಿಗಿಂತ ನನ್ನ ಡಿಗ್ರಿ ಉದ್ದವಿತ್ತು.
ತಾರಸಿಯ ನೀರು ಇಳಿದಿಳಿದು
ಕೆಂಪು ಕೂಡುಗುರುತಿನ ನೆಟ್ಟ ಗೆರೆ ಅಳಿಸಿಹೋಗಿ
ಕಳೆಯುವ ಗುರುತಾಗಿ ಯಾವ ಕಾಲವಾಯಿತೋ,
ಯಾರೂ ಹೇಳಿರಲಿಲ್ಲ.

"ಹೊಸದು ಏನಂತ?"
ಕೋಚ್, ಅಂದೆ.
"ಕೋಚಾ? ರೈಲಿಂದಾ?"
ಅಮ್ಮನೂ ಹೀಗೇ: ಟ್ಯೂಷನ್ ಹೇಳ್ಕೊಡ್ತೀಯಾ, ಈ ವಯಸ್ಸಲ್ಲಿ?
ನರ್ಸ್ ಪುಟ್ಟತಾಯಮ್ಮ ಮಾತ್ರ ಏನೂ ಕೇಳದೆ
ಸೂಜಿ ಕುದಿಸುತ್ತಿದ್ದ ಹಳೇ ಡಬ್ಬಿಯ ವೈರು ಸುತ್ತಿ
"ಇದ್ನ ಯಾರ್ಗೆ ಕೊಡಾನ?" ಅಂದಳು.
ಇನ್ನೂ ಕೊಟ್ಟಿಲ್ಲ.

ಕಾರಣ ಕೇಳಿದವರಿಗೆ ಒಬ್ಬೊಬ್ಬರಿಗೊಂದು ಹೇಳಿದ್ದೇನೆ.
ಜೊತೆಯ ಡಾಕ್ಟರುಗಳಿಗೆ ಬೆನ್ನುನೋವು,
ಮೆಡಿಕಲ್ ಶಾಪಿನ ಚಂದ್ರಪ್ರಭಣ್ಣನಿಗೆ ಬಾಡಿಗೆ.
ನಿಜ ಇಷ್ಟೆ:
ಒಂದು ಮಂಗಳವಾರ ಹೆಂಗಸೊಬ್ಬಳು
ಟೋಕನ್ ಹಿಡಿದು ಒಂದೂವರೆ ಗಂಟೆ ಕಾದು
ಸೆರಗಿನ ಗಂಟು ಬಿಚ್ಚಿ
ಮೂರು ಪಟ್ಟಿ ಮಾತ್ರೆ ಮೇಜಿನ ಮೇಲಿಟ್ಟಳು.
"ಅವ್ರು ಹೋಗ್ಬುಟ್ರು. ಇವು ಮಿಕ್ಕವೆ.
ಬ್ಯಾರೆಯವ್ರಿಗೆ ಆಯ್ತವಾ ನೋಡಿ."

ಚೀಟಿ ತೆಗೆಸಿದೆ. ಹನ್ನೊಂದು ಸಲ ಬಂದಿದ್ದ.
ಹನ್ನೊಂದು ಬಿ.ಪಿ., ಹನ್ನೊಂದು ಸಹಿ, ನನ್ನದೇ ಕೋಳಿಕಾಲು ಅಕ್ಷರ.
ಮುಖ ನೆನಪಾಗಲಿಲ್ಲ.
ತೋಳು ನೆನಪಾಯಿತು. ಪಟ್ಟಿ ಸುತ್ತುವಾಗ ಕಂಡ
ಹಸಿರು ಹಚ್ಚೆ, ಬಾಲ ಅರ್ಧ ಮಾಸಿದ ಆಂಜನೇಯ.

ಅದಾದ ಮೇಲೂ ನಾಲ್ಕು ವರ್ಷ ಕ್ಲಿನಿಕ್ಕು ನಡೆಸಿದೆ.
ಅದನ್ನೂ ಹೇಳಬೇಕು.

ಆಮೇಲೆ ಭಾನುವಾರ ಭಾನುವಾರ ಮೈಸೂರಿನ ರೈಲು,
ಯಾದವಗಿರಿಯ ಮಹಡಿಯೊಂದರಲ್ಲಿ ತರಗತಿ.
ಕಲಿಸುವಾಕೆ ನನಗಿಂತ ಹದಿನಾರು ವರ್ಷ ಚಿಕ್ಕವಳು.
"ಡಾಕ್ಟರ್, ನೀವು ಮತ್ತೆ ಔಷಧಿ ಬರೆದಿರಿ" ಎನ್ನುವಳು,
ನಾನು ಬರೀ ಬಾಯಲ್ಲಿ ಬುದ್ಧಿ ಹೇಳಿದ್ದೆ.
ಬರುವಾಗ ಶ್ರೀರಂಗಪಟ್ಟಣದ ಸೇತುವೆ ದಡದಡಿಸುವಾಗ ಹೊಳೆಯಿತು:
ನಮ್ಮ ಮಾತಲ್ಲಿ ಪ್ರಶ್ನೆಯನ್ನೂ ಕೇಳುತ್ತೇವೆ,
ಉತ್ತರವನ್ನೂ ಕೇಳುತ್ತೇವೆ.
ಹಸಿವು ಹೇಗಿದೆ, ನಿದ್ದೆ ಬರುತ್ತಾ, ಕೆಮ್ಮಿದರೆ ಕಫವಾ
ಎಂದು ದಿನಕ್ಕೆ ಎಂಬತ್ತು ಜನರನ್ನು ಕೇಳಿದವನು
ಎರಡನೆಯ ಕೇಳುವಿಕೆಗೆ ಹೋಗುವಷ್ಟರಲ್ಲಿ
ಗಂಟೆ ಒತ್ತಿರುತ್ತಿದ್ದೆ.

ನಿನ್ನೆ ಸಂಜೆ ಮೊದಲನೆಯವರು ಬಂದರು.
ಹಾಜಿರಾ ಬಾನು, ಪಿಯು ಕಾಲೇಜಿನ ಕೆಮಿಸ್ಟ್ರಿ ಮೇಡಂ.
ನಾಗಮಂಗಲಕ್ಕೆ ಪ್ರಿನ್ಸಿಪಾಲ್ ಆಗಿ ಹೋಗಬೇಕೋ ಬೇಡವೋ.
ಹೇಳುತ್ತ ಹೇಳುತ್ತ ಸುಮ್ಮನಾದರು.
ನಾನೂ ಸುಮ್ಮನಿದ್ದೆ.
ಎಷ್ಟು ಕಷ್ಟ ಅದು! ಕೈ ತಾನೇ ತಾನಾಗಿ
ಇಲ್ಲದ ಪ್ಯಾಡಿಗೆ ತಡಕಾಡುತ್ತಿತ್ತು.
ಫ್ಯಾನಿನ ಸದ್ದು. ಹೊರಗೆ ಯಾರೋ ಸ್ಕೂಟರು ಒದೆಯುತ್ತಿದ್ದರು.
ಕೆಳರೆಪ್ಪೆಯ ಒಳಗೆ ರಕ್ತವೇ ಇಲ್ಲದಂತೆ ಬಿಳಿಚಿದ್ದು ಕಂಡಿತು.
ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ.

"ಹೋಗಬಾರದು ಅಂತಲ್ಲ ಸರ್," ಅಂದರು ಕೊನೆಗೆ,
"ಲ್ಯಾಬಿನ ಬೀಗದ ಕೈ ಇನ್ನೊಬ್ಬರಿಗೆ ಕೊಡೋಕೆ ಆಗ್ತಿಲ್ಲ."
ನನ್ನ ಜೇಬಿನಲ್ಲಿ ಔಷಧಿ ಬೀರುವಿನದು ಚುಚ್ಚಿತು.
ಬೀರು ಖಾಲಿ ಮಾಡಿ ತಿಂಗಳಾಗಿದೆ.

ಬಾಗಿಲವರೆಗೆ ಹೋದವರನ್ನು ಕರೆದು
"ಒಂದ್ಸಲ ರಕ್ತ ಪರೀಕ್ಷೆ ಮಾಡಿಸಿ" ಅಂದೇಬಿಟ್ಟೆ.
ಮೊದಲ ದಿನವೇ ನಿಯಮ ಮುರಿಯಿತು.
ಅವರು ನಕ್ಕರು: "ಇದಕ್ಕೆ ಬೇರೆ ಫೀಸಾ?"

"ಸಾ, ಬಣ್ಣ ಒಣಗ್ತಾ ಅದೆ," ಎಂದ ರೇವಣ್ಣ.
ಮೇಲೇ ಬರಿ, ಅಂದೆ. ಉಜ್ಜಬೇಡ.
ಬಿಳಿ ಬಳಿದ. ಹೆಸರು ಬರೆದ. ವೇಳೆ ಬರೆದ.
ನಡುವೆ ಒಂದು ಗೇಣು ಹಾಗೇ ಉಳಿಸಿದ.
ಬಿಸಿಲು ಬಿದ್ದರೆ ಅಡಿಯಿಂದ ಹಳೆಯ ಅಕ್ಷರ ಈಗಲೂ ಕಾಣುತ್ತದೆ.
"ಜಾಗ ಬುಟ್ಟಿವ್ನಿ. ಏನು ಅಂತ ಗೊತ್ತಾದಾಗ ಕರೀರಿ.
ಈಗ ಅರ್ಧ ಕೂಲಿ ಕೊಡಿ."